ಒಂದು ಕಲ್ಲಿಗೆ ಒಂದು ದಿನ

ವಾರಾಂತ್ಯದ ಎರಡು ದಿನಗಳಲ್ಲಿ ಬೆಂಗಳೂರಿನ ಎಷ್ಟು ವಸ್ತುಸಂಗ್ರಹಾಲಯಗಳನ್ನು ನೋಡಿ ಮುಗಿಸಬಹುದು ಎಂದು ಲೆಕ್ಕ ಹಾಕುವವರು ಈಗ ಅನೇಕರಿದ್ದಾರೆ. ಸಂಗ್ರಹಾಲಯಗಳತ್ತ ಜನರ ಮನಸ್ಸು ಹರಿದಿರುವುದು ಸಂತೋಷದ ಸಂಗತಿಯೇ. ಆದರೆ ಎಣಿಕೆಯ ಈ ಉತ್ಸಾಹದಲ್ಲಿ ನೋಟವೇ ಹಿಂದುಳಿಯುತ್ತದೆ ಎಂಬುದು ನನ್ನ ಅಭಿಪ್ರಾಯ.

ಕಸ್ತೂರಬಾ ರಸ್ತೆಯ ಉದಾಹರಣೆಯನ್ನೇ ನೋಡೋಣ. ಅಲ್ಲಿಯ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯ ನಾಡಿನ ಮಕ್ಕಳಿಗೆಲ್ಲ ಪರಿಚಿತ. ಅದರ ನೆರೆಯಲ್ಲಿ ಕೆಂಬಣ್ಣದ ಹಳೆಯ ಕಟ್ಟಡವೊಂದಿದೆ. ಅದು 1865ರಲ್ಲಿ ಸ್ಥಾಪಿತವಾಗಿ, 1877ರಿಂದ ಇದೇ ಕಟ್ಟಡದಲ್ಲಿ ನೆಲೆಗೊಂಡಿರುವ ಸರ್ಕಾರಿ ವಸ್ತುಸಂಗ್ರಹಾಲಯ. ಅದರ ಹೆಸರನ್ನು ಕೇಳಿದವರು ಅನೇಕರಾದರೂ ಅಲ್ಲಿಯ ಶಾಸನಗಳ ಮುಂದೆ ನಿಂತವರು ವಿರಳ.

ಅಲ್ಲಿರುವ ಆತಕೂರು ಶಾಸನ ಕ್ರಿ.ಶ. 949-50ರ ಕಾಲದ್ದು. ರಾಷ್ಟ್ರಕೂಟ ಮೂರನೆಯ ಕೃಷ್ಣ, ಗಂಗ ಬೂತುಗ, ತಕ್ಕೋಲದ ಯುದ್ಧದಲ್ಲಿ ಮಡಿದ ಚೋಳ ರಾಜಾದಿತ್ಯ ಮೊದಲಾದವರ ವಿಷಯದಲ್ಲಿ ಇತಿಹಾಸಕಾರರಿಗೆ ಇದೊಂದು ಅಮೂಲ್ಯ ಆಕರ. ಆದರೆ ಕಲ್ಲಿನ ಮೇಲ್ಭಾಗದಲ್ಲಿ ಕೆತ್ತಿರುವುದು ಅರಸರ ಚಿತ್ರವನ್ನಲ್ಲ, ಹಂದಿಯೊಡನೆ ಸೆಣಸುತ್ತಿರುವ ಬೇಟೆನಾಯಿಯನ್ನು. ಬೂತುಗನ ವೀರ ಮಣಲೆರ ತನ್ನ ಪರಾಕ್ರಮಕ್ಕೆ ಮೆಚ್ಚುಗೆಯಾಗಿ ಬೇಡಿ ಪಡೆದದ್ದು ಕಾಳಿ ಎಂಬ ಈ ನಾಯಿಯನ್ನು. ಅದು ಕಾಡುಹಂದಿಯೊಡನೆ ಕಾದಿ ಮಡಿದಾಗ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿಯನ್ನೂ ದತ್ತಿ ಬಿಡಲಾಯಿತು. ಆ ಕಲ್ಲನ್ನು ಪೂಜಿಸದೆ ಉಂಡ ಗೊರವನಿಗೆ ನಾಯಿಯ ಪಾಪ ತಟ್ಟುವುದೆಂಬ ವಿಧಿಯೂ ಶಾಸನದಲ್ಲಿದೆ. ಪ್ರಾಣಿಯ ಮೇಲಿನ ಮಮತೆ, ಬೇಟೆಯ ಹಿಂಸೆ, ವೀರಾರಾಧನೆ, ದಾನಧರ್ಮ ಇವೆಲ್ಲ ಒಂದೇ ಕಲ್ಲಿನಲ್ಲಿ ಹೆಣೆದುಕೊಂಡಿರುವ ಪರಿಯನ್ನು ಹತ್ತು ನಿಮಿಷದ ಸುತ್ತಾಟದಲ್ಲಿ ಗ್ರಹಿಸಲಾಗದು.

ಅದೇ ಸಂಗ್ರಹಾಲಯದಲ್ಲಿ ಬೇಗೂರಿನಿಂದ ತಂದ ವೀರಗಲ್ಲೊಂದಿದೆ. ಗಂಗ ಎರೆಯಪ್ಪನ ಆಜ್ಞೆಯಂತೆ ತುಂಬೆಪಾಡಿಯ ಕಾಳಗದಲ್ಲಿ ಹೋರಾಡಿ ಮಡಿದ ನಾಗತ್ತರನ ಸ್ಮಾರಕವಿದು. ಆನೆ ಕುದುರೆಗಳಿಂದ ಕಿಕ್ಕಿರಿದ ರಣರಂಗವನ್ನೇ ಶಿಲ್ಪಿ ಇಲ್ಲಿ ಕಂಡರಿಸಿದ್ದಾನೆ. ಬೆಂಪೂರು, ಅಂದರೆ ಇಂದಿನ ಬೇಗೂರು ಮೊದಲಾದ ಹನ್ನೆರಡು ಊರುಗಳ ದತ್ತಿಯ ವಿವರ ಇದರಲ್ಲಿದೆ.

ಆದ್ದರಿಂದ ನನ್ನ ಸಲಹೆ ಇಷ್ಟೇ. ಶನಿವಾರ ಈ ವೀರಗಲ್ಲನ್ನು ನಿಧಾನವಾಗಿ ನೋಡಿ, ಭಾನುವಾರ ಬೇಗೂರಿಗೆ ಹೋಗಬೇಕು. ಅಲ್ಲಿಯ ನಾಗರೇಶ್ವರ ದೇವಾಲಯದ ಆವರಣದಲ್ಲಿ 'ಬೆಂಗಳೂರು' ಕಾಳಗವನ್ನು ಹೆಸರಿಸುವ, ಸುಮಾರು ಕ್ರಿ.ಶ. 890ರ ಶಾಸನವಿದೆ. ಹನ್ನೆರಡನೆಯ ಶತಮಾನದ ಉತ್ತರಾರ್ಧದಲ್ಲಿ ಪಟ್ಟಕ್ಕೆ ಬಂದ ಹೊಯ್ಸಳ ವೀರಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳು ಕೊಟ್ಟದ್ದರಿಂದ ಊರಿಗೆ ಈ ಹೆಸರು ಬಂತೆಂಬ ಜನಪ್ರಿಯ ಐತಿಹ್ಯಕ್ಕಿಂತ ಈ ಕಲ್ಲು ಎರಡೂವರೆ ಶತಮಾನಕ್ಕೂ ಮಿಗಿಲಾಗಿ ಹಳೆಯದು. ಸಂಗ್ರಹಾಲಯದ ಕಲ್ಲಿಗೆ ಅದರ ಊರನ್ನೂ, ಊರಿಗೆ ಅದರ ಕಲ್ಲನ್ನೂ ಮನಸ್ಸಿನಲ್ಲಾದರೂ ಮರಳಿ ಕೂಡಿಸಿದಾಗಲೇ ಇತಿಹಾಸ ಅರ್ಥವಾಗುವುದು.

ಇದಕ್ಕೆ ಸಂಗ್ರಹಾಲಯಗಳ ನೆರವೂ ಬೇಕು. 'ವೀರಗಲ್ಲು, ಹತ್ತನೆಯ ಶತಮಾನ' ಎಂಬಂಥ ಫಲಕ ವಿದ್ವಾಂಸರಿಗೆ ಅನಗತ್ಯ, ಸಾಮಾನ್ಯರಿಗೆ ನಿಷ್ಪ್ರಯೋಜಕ. ಶಾಸನದ ಪಾಠ, ಹೊಸಗನ್ನಡದ ತಾತ್ಪರ್ಯ, ಮೂಲ ಊರಿನ ನಕ್ಷೆ ಈ ಮೂರೂ ಕಲ್ಲಿನ ಪಕ್ಕದಲ್ಲಿರಬೇಕು. ಬೆಂಗಳೂರು ಜಿಲ್ಲೆಯ ಶಾಸನಗಳನ್ನು ಬಿ.ಎಲ್. ರೈಸ್ 1905ರಷ್ಟು ಹಿಂದೆಯೇ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಒಂಬತ್ತನೆಯ ಸಂಪುಟದಲ್ಲಿ ಪ್ರಕಟಿಸಿದ್ದಾರೆ. ಮಿಥಿಕ್ ಸೊಸೈಟಿ ಇಂದು ನಗರದ ಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡಿ ಉಳಿಸುತ್ತಿದೆ. ಸಾಮಗ್ರಿಗೆ ಕೊರತೆಯಿಲ್ಲ, ಅದನ್ನು ಕಲ್ಲಿನ ಬಳಿಗೆ ತರುವ ಕೆಲಸವಷ್ಟೇ ಉಳಿದಿದೆ.

ಸಾವಿರ ವರ್ಷಗಳ ಹಿಂದೆ ಈ ಮಾತುಗಳನ್ನು ಕಲ್ಲಿಗೇರಿಸಿದವರು ಬರೆದದ್ದು ಕನ್ನಡದಲ್ಲಿಯೇ. ಅದೇ ನುಡಿಯನ್ನಾಡುವ ನಾವು ಅದರ ಮುಂದೆ ಅನಕ್ಷರಸ್ಥರಂತೆ ನಿಲ್ಲಬೇಕಾದ ಸ್ಥಿತಿ ತಪ್ಪಬೇಕು. ಓದುಗರು ಸಂಗ್ರಹಾಲಯ ತೆರೆದಿದೆಯೇ ಎಂದು ವಿಚಾರಿಸಿಕೊಂಡು, ಮುಂದಿನ ಶನಿವಾರ ಒಂದೇ ಒಂದು ಕಲ್ಲಿಗಾಗಿ ಹೋಗಿ ಬರಲಿ ಎಂಬುದು ನನ್ನ ವಿನಂತಿ.