ಮುಪ್ಪಿಗೆ ಮೂರನೇ ಗಾಲಿ ಬೇಕು, ಆದರೆ ಹಗುರ ಇರಲಿ

ನಮ್ಮ ಗಡಿಭಾಗದ ಹಳ್ಳಿಗಳಲ್ಲಿ ಅರವತ್ತು ದಾಟಿದ ಎಷ್ಟೋ ಜನ ಇನ್ನೂ ಗಾಡಿ ಬಿಟ್ಟಿಲ್ಲ. ಜತ್ತ ಕಡೆಯವರು ವಿಜಯಪುರಕ್ಕೆ, ಅಕ್ಕಲಕೋಟ ಕಡೆಯವರು ಆಳಂದ, ಅಫಜಲಪುರಕ್ಕೆ ಬೀಗರ ಮನೆ, ದವಾಖಾನೆ ಅಂತ ಓಡಾಡುವವರೇ. ಬಸ್ಸಿನ ದಾರಿ ಕಾಯುತ್ತ ಕುಳಿತರೆ ಅರ್ಧ ದಿವಸ ಅಲ್ಲೇ ಹೋಯಿತು. ಇಂಥವರು ಒಮ್ಮೆ ಗಾಡಿಯಿಂದ ಬಿದ್ದರೆ ಸಾಕು, ಮಕ್ಕಳು ಕೀಲಿ ಕಸಿದುಕೊಳ್ಳುತ್ತಾರೆ. ಮಕ್ಕಳ ಹೆದರಿಕೆಯೂ ಸುಳ್ಳಲ್ಲ. ಆದರೆ ಅಲ್ಲಿಗೆ ಹಿರಿಯರ ಓಡಾಟ ಮನೆ ಮುಂದಿನ ಕಟ್ಟೆಗೇ ಮುಗಿಯುತ್ತದೆ.

ಇದಕ್ಕೆ ಪರದೇಶದಲ್ಲಿ ಒಂದು ದಾರಿ ಹುಡುಕಿದ್ದಾರೆ. ಇಟಲಿಯ ಪಿಯಾಜಿಯೋ ಕಂಪನಿ 2006ರಲ್ಲಿ ಎಂಪಿ3 ಎಂಬ ಸ್ಕೂಟರ್ ತಂದಿತು. ಮುಂದೆ ಎರಡು ಗಾಲಿ, ಹಿಂದೆ ಒಂದು. ತಿರುವಿನಲ್ಲಿ ಸವಾರ ವಾಲಿದಂತೆ ಮುಂದಿನ ಎರಡೂ ಗಾಲಿ ಕೂಡಿಯೇ ವಾಲುತ್ತವೆ. ಉಸುಕು, ರಾಡಿಯಲ್ಲಿ ಒಂದು ಗಾಲಿ ಜಾರಿದರೂ ಇನ್ನೊಂದು ನೆಲ ಹಿಡಿದಿರುತ್ತದೆ. ಸಿಗ್ನಲ್‌ನಲ್ಲಿ ಗುಂಡಿ ಒತ್ತಿದರೆ ವಾಲುವ ಭಾಗ ಲಾಕ್ ಆಗಿ, ಕಾಲು ಊರದೆ ನಿಲ್ಲಬಹುದು. ಮೊಣಕಾಲು ನೋವಿನವರಿಗೆ ಇದಕ್ಕಿಂತ ಇನ್ನೇನು ಬೇಕು? ಯಮಹಾ ಕೂಡ 2014ರಲ್ಲಿ ಟ್ರೈಸಿಟಿ, 2018ರಲ್ಲಿ ನಿಕೆನ್ ತಂದಿತು.

ಹಾಗಂತ ಮೂರು ಗಾಲಿ ಇದ್ದರೆ ಬೀಳುವುದೇ ಇಲ್ಲ ಎಂದು ತಿಳಿಯಬಾರದು. ನಿಕೆನ್‌ಗೆ ನಿಲ್ಲುವಾಗಿನ ಲಾಕ್ ಇಲ್ಲ. ಕಾಲು ಊರದಿದ್ದರೆ ಅದೂ ಬೀಳುತ್ತದೆ. ತೂಕ 263 ಕಿಲೋ. ಟ್ರೈಸಿಟಿ 300 ಮಾದರಿ 239 ಕಿಲೋ. ನಮ್ಮ ಓಣಿಯ ಆಕ್ಟಿವಾ ನೂರು ಕಿಲೋ ಚಿಲ್ಲರೆ. ಎಪ್ಪತ್ತರ ಅಜ್ಜ ಇಷ್ಟು ಭಾರದ ಗಾಡಿಯನ್ನು ಅಂಗಳದಲ್ಲಿ ಹಿಂದಕ್ಕೆ ದೂಡುವುದು ಹ್ಯಾಂಗ?

ನಮ್ಮಲ್ಲಿ ಸದ್ಯ ಸಿಗುವುದು ಸ್ಕೂಟರಿಗೆ ಬಾಜು ಗಾಲಿ ಹಚ್ಚುವ ವ್ಯವಸ್ಥೆ. ಅಂಗವಿಕಲರಿಗೆ ಅದು ದೊಡ್ಡ ಆಸರೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದು ವಾಲುವುದಿಲ್ಲ. ನಲವತ್ತು ವರ್ಷ ವಾಲಿಸಿ ತಿರುಗಿಸಿದ ಕೈಗೆ ಅದು ಹೊಸ ಗಾಡಿಯೇ. ತಿರುವಿನಲ್ಲಿ ಜೋರು ಹೋದರೆ ಹೊರಗಡೆಗೆ ಮಗುಚಬಹುದು. ನಡುವಿನ ಗಾಲಿ ತಗ್ಗಿಗೆ ಇಳಿದರೆ ಭಾರವೆಲ್ಲ ಬಾಜು ಗಾಲಿಗಳ ಮೇಲೆ ಬಿದ್ದು, ಎಂಜಿನ್ ಗಾಲಿಯ ಹಿಡಿತ ತಪ್ಪುತ್ತದೆ. ಆದ್ದರಿಂದ ಮೊದಲ ಎಂಟು ದಿನ ಬಯಲಿನಲ್ಲೇ ರೂಢಿ ಮಾಡಿಕೊಳ್ಳಬೇಕು. ಬದಲಾವಣೆಯನ್ನು ಆರ್‌ಟಿಓ ಕಚೇರಿಯಲ್ಲಿ ಆರ್‌ಸಿ ಮೇಲೆ ಬರೆಸಲೇಬೇಕು; ಇಲ್ಲದಿದ್ದರೆ ಅಪಘಾತವಾದಾಗ ವಿಮೆಗೆ ತಕರಾರು ಬಂದೀತು.

ಎಂಪಿ3 ಮಾಡುವ ಇದೇ ಪಿಯಾಜಿಯೋದ ಕಾರಖಾನೆ ನಮ್ಮ ಪಕ್ಕದ ಪುಣೆ ಜಿಲ್ಲೆಯ ಬಾರಾಮತಿಯಲ್ಲಿದೆ. ನಮ್ಮ ಊರೂರಲ್ಲಿ ಓಡುವ ಆಪೆ ರಿಕ್ಷಾ ಅಲ್ಲಿಯದೇ. 2012ರಿಂದ ವೆಸ್ಪಾ ಕೂಡ ಅಲ್ಲೇ ತಯಾರಾಗುತ್ತಿದೆ. ವಾಲುವ ಮೂರು ಗಾಲಿಯ ವಿದ್ಯೆ ಕಂಪನಿಯ ಕೈಯಲ್ಲಿದೆ, ಕೊಳ್ಳುವ ಜನ ಇಲ್ಲಿದ್ದಾರೆ. ಹಗುರವಾದ, ನಿಂತಾಗ ಲಾಕ್ ಆಗುವ, ರೈತನ ಕಿಸೆಗೆ ಎಟುಕುವ ಒಂದು ಮಾದರಿಯನ್ನು ಈ ಕಂಪನಿಯಾಗಲಿ ಬೇರೆಯವರಾಗಲಿ ಯಾಕೆ ಮಾಡಬಾರದು? ಹುಡುಗರಿಗಾಗಿ ವರ್ಷಕ್ಕೊಂದು ಹೊಸ ಗಾಡಿ ಬರುವಾಗ ಹಿರಿಯರಿಗಾಗಿ ಒಂದಾದರೂ ಬರಲಿ.

ಅಲ್ಲಿಯವರೆಗೆ ಮನೆಯವರು ಮಾಡಬಹುದಾದದ್ದೂ ಇದೆ. ಐವತ್ತೈದು ದಾಟಿದವರ ಲೈಸೆನ್ಸ್ ಐದು ವರ್ಷಕ್ಕೊಮ್ಮೆ ನವೀಕರಿಸಬೇಕು. ಆ ಹೊತ್ತಿನ ವೈದ್ಯರ ಸರ್ಟಿಫಿಕೇಟನ್ನು ಬರೀ ಸಹಿಗೆ ಮುಗಿಸದೆ ಕಣ್ಣು, ಕಿವಿ, ಮೊಣಕಾಲು ಖರೇನೇ ತೋರಿಸಿಕೊಂಡು ಬನ್ನಿ. ರಾತ್ರಿ ಸವಾರಿ ಬೇಡ, ಹೆಲ್ಮೆಟ್ ಬಿಡಬೇಡಿ. ಕೀಲಿ ಕಸಿಯುವ ಮೊದಲು ಅಪ್ಪನ ಜೊತೆ ಕುಳಿತು ಒಂದು ಮಾತು ಆಡಿರಿ.