ನುಡಿಗಲಿಕೆ: ಒಂದು ಧಾತು, ಒಂಬತ್ತು ರೂಪ

ತಿರುವೊಟ್ಟಿಯೂರಿನ ನಮ್ಮ ಅನೇಕ ಮನೆಗಳಲ್ಲಿ ಮಕ್ಕಳಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಮಾತ್ರ ಬರುವುದಿಲ್ಲ. ಊರಿನಿಂದ ಅಜ್ಜಿ ಫೋನ್ ಮಾಡಿ “ಏನು ಮಾಡ್ತಾ ಇದ್ದೀಯಪ್ಪಾ?” ಎಂದು ಕೇಳಿದರೆ ಉತ್ತರ ತಮಿಳಿನಲ್ಲಿ. ತಮಿಳು ಕಲಿಕೆಯ 2006ರ ಕಾಯಿದೆಯ ನಂತರ ಶಾಲೆಗಳಲ್ಲಿ ಆ ಭಾಷೆ ಕಡ್ಡಾಯವಾಗಿದೆ. ಇರುವ ಊರಿನ ನುಡಿಯನ್ನು ಮಕ್ಕಳು ಚೆನ್ನಾಗಿ ಕಲಿಯಲಿ, ಅದು ಸಂತೋಷದ ವಿಷಯವೇ. ಆದರೆ ಕನ್ನಡದ ಹೊಣೆ ಹೆಚ್ಚಾಗಿ ತಾಯಿತಂದೆಯರ ಮೇಲೆಯೇ ಬಿದ್ದಿದೆ.

ಎಲ್ಲಿಂದ ಆರಂಭಿಸಬೇಕು? ಸ್ಪ್ಯಾನಿಷ್ ಕಲಿಸುವವರು ಮೊದಲು ಒಂದು ಕ್ರಮಬದ್ಧ ಕ್ರಿಯಾಪದದ ವರ್ತಮಾನಕಾಲವನ್ನು ಬಾಯಿಪಾಠ ಮಾಡಿಸುತ್ತಾರೆ. ‘ಅಬ್ಲಾರ್’ ಎಂದರೆ ಮಾತನಾಡು. ಅದರ ರೂಪಗಳು ಆಬ್ಲೊ, ಆಬ್ಲಸ್, ಆಬ್ಲ, ಅಬ್ಲಾಮೊಸ್, ಅಬ್ಲಾಯ್ಸ್, ಆಬ್ಲನ್ ಎಂದು ಆರು. ‘ಆಬ್ಲೊ’ ಎಂದರೆ ಸಾಕು, ‘ನಾನು’ ಎಂದು ಬೇರೆ ಹೇಳಬೇಕಿಲ್ಲ. ನಮ್ಮ ‘ಮಾಡುತ್ತೇನೆ’ಯೂ ಹಾಗೆಯೇ.

ನಮ್ಮದರಲ್ಲಿ ರೂಪಗಳು ಒಂಬತ್ತು. ಮಾಡುತ್ತೇನೆ, ಮಾಡುತ್ತೇವೆ, ಮಾಡುತ್ತೀಯೆ, ಮಾಡುತ್ತೀರಿ, ಮಾಡುತ್ತಾನೆ, ಮಾಡುತ್ತಾಳೆ, ಮಾಡುತ್ತಾರೆ, ಮಾಡುತ್ತದೆ, ಮಾಡುತ್ತವೆ. ಧಾತು ‘ಮಾಡು’, ವರ್ತಮಾನವನ್ನು ಸೂಚಿಸುವುದು ‘ಉತ್ತ’, ಯಾರು ಎಂದು ತಿಳಿಸುವುದು ಕೊನೆಯ ಪ್ರತ್ಯಯ. ನಡೆ, ಕುಡಿ ಎಂಬಂಥ ಧಾತುಗಳಿಗೆ ನಡುವೆ ಯಕಾರ ಬಂದು ನಡೆಯುತ್ತೇನೆ, ಕುಡಿಯುತ್ತೇನೆ ಎಂದಾಗುತ್ತದೆ. ಭೂತಕಾಲದಲ್ಲಿ ಬಂದ, ಕೊಟ್ಟ, ಹೋದ ಎಂದು ಧಾತುವೇ ರೂಪ ಬದಲಿಸುವುದುಂಟು. ವರ್ತಮಾನದಲ್ಲಿ ಆ ತೊಡಕಿಲ್ಲ.

ತಮಿಳು ಬಲ್ಲ ಮಗುವಿಗೆ ಇದರಲ್ಲಿ ಅರ್ಧ ಪಾಠ ಮೊದಲೇ ಬಂದಿರುತ್ತದೆ. ವರುಗಿರೇನ್, ವರುಗಿರಾನ್, ವರುಗಿರಾಳ್, ವರುಗಿರಾರ್ ಎಂಬುವುಗಳ ಪಕ್ಕದಲ್ಲಿ ಬರುತ್ತೇನೆ, ಬರುತ್ತಾನೆ, ಬರುತ್ತಾಳೆ, ಬರುತ್ತಾರೆ ಎಂದು ಬರೆದು ತೋರಿಸಿ. ಏನ್, ಆನ್, ಆಳ್, ಆರ್ ಎಂಬ ಕೊನೆಗಳು ಎರಡರಲ್ಲೂ ಕಾಣುತ್ತವೆ. ನಮ್ಮಲ್ಲಿ ಒಂದು ‘ಎ’ ಹೆಚ್ಚು. ಮಲಯಾಳದಲ್ಲಾದರೋ ಈ ಕೊನೆಗಳು ಉದುರಿಹೋಗಿವೆ. ಅಲ್ಲಿ ನಾನು, ನೀನು, ಅವನು ಎಲ್ಲರಿಗೂ ‘ಚೆಯ್ಯುನ್ನು’ ಒಂದೇ. ಹದಿಮೂರನೆಯ ಶತಮಾನದಲ್ಲಿ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ವರ್ತಮಾನಕ್ಕೆ ಹೇಳಿದ್ದು ‘ದಪ’ ಎಂಬುದನ್ನು. ಅಂದಿನ ‘ಮಾಡಿದಪಂ’ ಇಂದು ‘ಮಾಡುತ್ತಾನೆ’. ಕಾಲದ ಗುರುತು ಬದಲಾದರೂ ಯಾರು ಮಾಡುವವರೆಂದು ಹೇಳುವ ಗುಣವನ್ನು ಕನ್ನಡ ಬಿಟ್ಟುಕೊಟ್ಟಿಲ್ಲ.

ನಿಷೇಧ ಇನ್ನೂ ಸುಲಭ. ಒಂಬತ್ತು ರೂಪಗಳಿಗೂ ‘ಮಾಡುವುದಿಲ್ಲ’ ಒಂದೇ ಸಾಕು.

ಬರೆಯುವಾಗ ‘ಮಾಡುತ್ತೇನೆ’ ಇರಲಿ. ಆಡುವಾಗ ಮೈಸೂರು ಕಡೆಯವರು ‘ಮಾಡ್ತೀನಿ’ ಎನ್ನಲಿ, ಮಂಗಳೂರು ಕಡೆಯವರು ‘ಮಾಡ್ತೇನೆ’ ಎನ್ನಲಿ. ಮಗು ಬಾಯಿ ತೆರೆದಾಗ “ಅದು ತಪ್ಪು” ಎಂದು ನಕ್ಕುಬಿಟ್ಟರೆ ಅದು ಮತ್ತೆ ತಮಿಳಿಗೇ ಹೋಗುತ್ತದೆ. ಸರಿಯಾದ ರೂಪವನ್ನು ನಾವೇ ಒಮ್ಮೆ ಹೇಳಿ ಮಾತು ಮುಂದುವರಿಸಿದರೆ ಸಾಕು.

ಪುಸ್ತಕವೇ ಬೇಕೆಂದಿಲ್ಲ. ದಿನಕ್ಕೆ ಐದು ನಿಮಿಷ, ಕಣ್ಣೆದುರಿನ ಸಂಗತಿಗಳೇ ಸಾಕು. “ನಾವು ತ್ಯಾಗರಾಜಸ್ವಾಮಿ ಗುಡಿಗೆ ಹೋಗುತ್ತೇವೆ.” “ಮಾವ ಮೆಟ್ರೊದಲ್ಲಿ ವಿಮ್ಕೊ ನಗರಕ್ಕೆ ಹೋಗುತ್ತಾರೆ.” “ದೋಣಿಗಳು ದಡಕ್ಕೆ ಬರುತ್ತವೆ.” ಒಂದು ವಾರಕ್ಕೆ ಒಂದೇ ಧಾತು ಹಿಡಿಯಿರಿ. ವಾರದ ಕೊನೆಗೆ ಅಜ್ಜಿಗೆ ಫೋನ್ ಹಚ್ಚಿ, ರಿಸೀವರನ್ನು ಮಗುವಿನ ಕೈಗೇ ಕೊಡಿ.

ಮುಂದಿನ ಸಂಚಿಕೆಯಲ್ಲಿ ಭೂತಕಾಲವನ್ನು ನೋಡೋಣ.