ಸ್ಥೌಲ್ಯ ಮತ್ತು ಕಾಯಕದ ಸುರಕ್ಷತೆ

ಬಂಗಾರಪೇಟೆಯ ನಮ್ಮ ಚಿಕಿತ್ಸಾಲಯಕ್ಕೆ ಕಾಲು ಉಳುಕಿ, ಸೊಂಟ ಹಿಡಿದು ಬರುವ ದುಡಿಮೆಗಾರರು ಸಾಮಾನ್ಯವಾಗಿ ಏಣಿ ಜಾರಿತೆಂದೋ ಮೆಟ್ಟಿಲು ತಪ್ಪಿತೆಂದೋ ಹೇಳುತ್ತಾರೆ. ಅದು ನಿಜವೇ ಇರಬಹುದು. ಆದರೆ ಬೀಳುವುದಕ್ಕೆ ದೇಹದ ಬೊಜ್ಜೂ ಕಾರಣವಾಗಬಲ್ಲದೆಂಬುದನ್ನು ಬಹುಮಂದಿ ಗಮನಿಸುವುದಿಲ್ಲ.

ಚರಕಾಚಾರ್ಯರು ಸೂತ್ರಸ್ಥಾನದ 21ನೆಯ ಅಧ್ಯಾಯದಲ್ಲಿ ಅತಿಸ್ಥೂಲರಿಗೆ ಉಂಟಾಗುವ ಎಂಟು ದೋಷಗಳನ್ನು ಹೇಳಿದ್ದಾರೆ. ಅವುಗಳಲ್ಲಿ ಜವೋಪರೋಧ, ಎಂದರೆ ಚಲನೆಯ ವೇಗ ಕುಗ್ಗುವುದು, ಮತ್ತು ದೌರ್ಬಲ್ಯ ಇವೆರಡೂ ದುಡಿಯುವವರಿಗೆ ನೇರವಾಗಿ ಸಂಬಂಧಿಸಿದವು. ಜಾರಿದ ಕಾಲನ್ನು ಮರಳಿ ಊರಲು ಕ್ಷಣಮಾತ್ರ ಅವಕಾಶ. ಭಾರವಾದ ದೇಹಕ್ಕೆ ಅಷ್ಟು ಸಾಲದು. ಗೊರಕೆಯೊಡನೆ ಉಸಿರುಕಟ್ಟಿ ರಾತ್ರಿಯ ನಿದ್ರೆ ಕೆಟ್ಟರೆ ಹಗಲು ಯಂತ್ರದ ಮುಂದೆ ತೂಕಡಿಕೆ ಬರುವುದು. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ 11,728 ನೌಕರರನ್ನು ಕುರಿತು 2007ರಲ್ಲಿ ಪ್ರಕಟವಾದ ಅಧ್ಯಯನವೂ ಇದನ್ನೇ ಸೂಚಿಸುತ್ತದೆ. ಅಲ್ಲಿ ಅತಿಸ್ಥೂಲರ ಗಾಯ-ಪರಿಹಾರದ ಅರ್ಜಿಗಳು, ತಲಾ ಲೆಕ್ಕದಲ್ಲಿ, ಸಮತೂಕದವರಿಗಿಂತ ಸುಮಾರು ಇಮ್ಮಡಿ. ಕಳೆದುಹೋದ ಕೆಲಸದ ದಿನಗಳು ಸುಮಾರು 13 ಪಟ್ಟು.

ಹಾಗೆಂದು ಬೊಜ್ಜನ್ನು ಸೋಮಾರಿತನವೆಂದು ಹಳಿಯುವುದನ್ನು ನಾವು ಒಪ್ಪುವುದಿಲ್ಲ. ಕೆ.ಜಿ.ಎಫ್.ನ ಚಿನ್ನದ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಮೂರು ಕಿಲೋಮೀಟರಿಗೂ ಮಿಗಿಲಾದ ಆಳದಲ್ಲಿ ಬೆವರು ಸುರಿಸಿದವರ ಮಕ್ಕಳು ಇಂದು ಮಾರಿಕುಪ್ಪಂ, ಬಂಗಾರಪೇಟೆಗಳಿಂದ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ನಸುಕಿನಲ್ಲಿ ಹೊರಟು ಕತ್ತಲಾದ ಮೇಲೆ ಮರಳುವವರಿಗೆ ಅವೇಳೆಯ ಊಟ, ಕರಿದ ತಿಂಡಿ, ಅರೆನಿದ್ರೆ ತಪ್ಪಿದ್ದಲ್ಲ. ಇಂಥವರನ್ನು ತೂಕದ ನೆಪದಲ್ಲಿ ಕೆಲಸದಿಂದ ತೆಗೆಯುವುದು ಧರ್ಮವಲ್ಲ. ಗಟ್ಟಿಯಾದ ಏಣಿ, ಭಾರ ಸಾಗಿಸಲು ತಳ್ಳುಗಾಡಿ, ದುಡಿಮೆಯ ನಡುವೆ ವಿಶ್ರಾಂತಿ ಇವುಗಳನ್ನು ಒದಗಿಸುವುದು ಮಾಲೀಕರ ಹೊಣೆ.

ದುಡಿಯುವವರ ಹೊಣೆಯೂ ಉಂಟು. ಸೊಂಟದ ಸುತ್ತಳತೆ ಪುರುಷರಲ್ಲಿ 90, ಸ್ತ್ರೀಯರಲ್ಲಿ 80 ಸೆಂಟಿಮೀಟರ್ ಮೀರದಂತೆ ನೋಡಿಕೊಳ್ಳಬೇಕು. ಸ್ಥೂಲರಿಗೆ ಚರಕರು ಹೇಳಿದ ಆಹಾರದಲ್ಲಿ ಹೆಸರು, ಹುರುಳಿಗಳೂ ಇವೆ. ಮುದ್ದೆಯ ಗಾತ್ರವನ್ನು ತುಸು ತಗ್ಗಿಸಿ, ಹುರುಳಿಸಾರು, ಸೊಪ್ಪನ್ನು ಹೆಚ್ಚಿಸಿರಿ. ಸಾಧ್ಯವಾದಷ್ಟು ದೂರ ನಡೆಯಿರಿ. ಬೇಗ ಕರಗಲೆಂದು ಉಪವಾಸಕ್ಕೆ ತೊಡಗಬೇಡಿ. ಹಸಿದ ಹೊಟ್ಟೆಯಲ್ಲಿ ಏಣಿ ಏರುವುದೂ ಅಪಾಯವೇ. ಜೋರು ಗೊರಕೆ, ಹಗಲು ತೂಕಡಿಕೆ ಇದ್ದವರು ತಡಮಾಡದೆ ವೈದ್ಯರನ್ನು ಕಾಣಬೇಕು.

ಕಾಯಕಕ್ಕೆ ಕಾಯವೇ ಮೊದಲ ಸಾಧನ. ನೇಗಿಲನ್ನೂ ಮಗ್ಗವನ್ನೂ ಜೋಪಾನ ಮಾಡುವ ಸದ್ಭಕ್ತರು ಅದನ್ನೂ ಹಾಗೆಯೇ ಕಾಪಾಡಿಕೊಳ್ಳಲೆಂಬುದು ನಮ್ಮ ಹಾರೈಕೆ.